ಗುದನಾಳ ಕ್ಯಾನ್ಸರ್ ರೋಗಿಗಳಿಗೆ ಜಿಲ್ಲೆಯಲ್ಲೇ ಎಂಆರ್‌ಐ ಒದಗಿಸಲು ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.
(ಮಾನ್ಯ ಜಿಲ್ಲಾಧಿಕಾರಿಗಳು, ಚಿಕ್ಕಬಳ್ಳಾಪುರ ಜಿಲ್ಲೆ, ಇವರ ಮೂಲಕ)

ವಿಷಯ: ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಗುದನಾಳ ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆಗೆ ಮುನ್ನ ಉಚಿತ ಎಂಆರ್‌ಐ ಮಾಡಿಸುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ಈ ನಾಲ್ಕು ತಾಲ್ಲೂಕುಗಳ ರೋಗಿಗಳೂ ಅವರ ಮನೆಯವರೂ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ದೊಡ್ಡಕರುಳಿನ ಮೇಲ್ಭಾಗದ ಗೆಡ್ಡೆಗೆ ಸಾಮಾನ್ಯವಾಗಿ ಸಿಟಿ ಸ್ಕ್ಯಾನ್ ಸಾಕಾಗುತ್ತದೆ. ಗುದನಾಳದ ಗೆಡ್ಡೆಗೆ ಅದು ಸಾಲದು. ಗೆಡ್ಡೆ ಕರುಳಿನ ಗೋಡೆ ದಾಟಿದೆಯೇ, ರಕ್ತನಾಳ ಹೊಕ್ಕಿದೆಯೇ, ಸುತ್ತಲಿನ ಪೊರೆಗೆ 1 ಮಿಲಿಮೀಟರ್‌ನಷ್ಟು ಹತ್ತಿರ ಬಂದಿದೆಯೇ ಎಂಬುದನ್ನು ಸ್ಪಷ್ಟವಾಗಿ ತೋರಿಸುವುದು ಎಂಆರ್‌ಐ. ಮೊದಲು ರೇಡಿಯೇಷನ್ ಮತ್ತು ಕಿಮೋ ಕೊಡಬೇಕೋ, ನೇರವಾಗಿ ಆಪರೇಷನ್ ಮಾಡಬಹುದೋ, ಮಲದ್ವಾರ ಉಳಿಯುವುದೋ, ಹೊಟ್ಟೆಗೆ ಕಾಯಂ ಚೀಲ ಹಾಕಬೇಕಾಗುವುದೋ ಎಂಬ ತೀರ್ಮಾನಗಳಿಗೆ ಈ ಚಿತ್ರವೇ ಆಧಾರ. ಗೆಡ್ಡೆಯನ್ನು ಪೂರ್ತಿಯಾಗಿ ತೆಗೆಯಲು ಸಾಧ್ಯವೇ ಎಂಬುದನ್ನು ಎಂಆರ್‌ಐ ಮುಂಚಿತವಾಗಿ ತಿಳಿಸಬಲ್ಲದೆಂದು ಯುರೋಪಿನ ಮರ್ಕ್ಯುರಿ ಅಧ್ಯಯನ 2006ರಲ್ಲೇ ತೋರಿಸಿದೆ. ಈ ಪರೀಕ್ಷೆಯಿಲ್ಲದೆ ಆಪರೇಷನ್ ಆದರೆ ರೋಗದ ಅಂಶ ಒಳಗೇ ಉಳಿಯುವ ಅಪಾಯವಿದೆ.

ಆಯುಷ್ಮಾನ್ ಭಾರತ್ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡುತ್ತದೆ. ಆದರೆ ದಾಖಲಾಗುವ ಮುಂಚಿನ 3 ದಿನಗಳ ತಪಾಸಣೆಯಷ್ಟೇ ಅದರ ಲೆಕ್ಕಕ್ಕೆ ಬರುತ್ತದೆ. ಈ ಎಂಆರ್‌ಐ ಅದಕ್ಕೂ ಎಷ್ಟೋ ದಿನ ಮೊದಲೇ ಆಗಬೇಕಾದದ್ದು. ಸ್ಕ್ಯಾನಿಗೊಮ್ಮೆ, ರಿಪೋರ್ಟಿಗೊಮ್ಮೆ ಬೆಂಗಳೂರಿಗೆ ಓಡಾಡಿದರೆ ಕೂಲಿಯೂ ಹೋಗುತ್ತದೆ. ಶಿಡ್ಲಘಟ್ಟದ ಕಡೆಯ ರೇಷ್ಮೆ ರೈತರು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳುವಿಗೆ ಸೊಪ್ಪು ಹಾಕುವುದನ್ನು ಬಿಟ್ಟು ಹೊರಡಲಾರರು. ಬೆಳೆ ಮುಗಿಯಲೆಂದು ಕಾಯುವಷ್ಟರಲ್ಲಿ ರೋಗ ಮುಂದುವರಿದಿರುತ್ತದೆ. ಬೆಂಗಳೂರಿಗೆ ಹೋದರೂ, 1973ರಿಂದ ಸೇವೆಯಲ್ಲಿರುವ ಅಲ್ಲಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಮೇಲೆ ಇಡೀ ರಾಜ್ಯದ ಭಾರವಿದೆ.

ಆದ್ದರಿಂದ ನಮ್ಮ ಬೇಡಿಕೆಗಳು:

1. ಮಲದಲ್ಲಿ ರಕ್ತ ಹೋಗುವವರನ್ನು ಮೂಲವ್ಯಾಧಿಯೆಂದು ಮಾತ್ರೆ ಕೊಟ್ಟು ಕಳುಹಿಸದೆ, ನಾಲ್ಕೂ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಬೆರಳು ಪರೀಕ್ಷೆ ಮಾಡಿ, ಅನುಮಾನವಿದ್ದರೆ ಕೊಲೊನೋಸ್ಕೋಪಿ ಮತ್ತು ಬಯಾಪ್ಸಿಗೆ ಕಳುಹಿಸಬೇಕು.

2. ಬಯಾಪ್ಸಿಯಲ್ಲಿ ಗುದನಾಳ ಕ್ಯಾನ್ಸರ್ ಖಚಿತವಾದ ಪ್ರತಿ ರೋಗಿಗೂ ಎರಡು ವಾರದೊಳಗೆ ಜಿಲ್ಲಾ ಮಟ್ಟದಲ್ಲಿ ಎಂಆರ್‌ಐ ಆಗಬೇಕು.

3. ದಾಖಲಾಗದಿದ್ದರೂ ಈ ಸ್ಕ್ಯಾನಿನ ಪೂರ್ಣ ವೆಚ್ಚವನ್ನು ಸರ್ಕಾರ ಭರಿಸಬೇಕು. ರೇಡಿಯೇಷನ್ ನಂತರ ಮಾಡುವ ಎರಡನೇ ಸ್ಕ್ಯಾನಿಗೂ ಇದು ಅನ್ವಯಿಸಬೇಕು.

4. ಗುದನಾಳಕ್ಕೆಂದೇ ಗೊತ್ತುಪಡಿಸಿದ ತೆಳು ಪದರಗಳ ವಿಧಾನದಲ್ಲಿ ಸ್ಕ್ಯಾನ್ ಮಾಡಿ, ನಿಗದಿತ ನಮೂನೆಯಲ್ಲಿ ವರದಿ ಕೊಡಲು ಸಿಬ್ಬಂದಿಗೆ ತರಬೇತಿ ನೀಡಬೇಕು.

5. ಚಿತ್ರಗಳನ್ನು ಆನ್‌ಲೈನ್‌ನಲ್ಲಿ ಕಿದ್ವಾಯಿ ತಜ್ಞರಿಗೆ ಕಳುಹಿಸಿ, ಸರ್ಜನ್, ರೇಡಿಯಾಲಜಿಸ್ಟ್, ಕ್ಯಾನ್ಸರ್ ವೈದ್ಯರು ಒಟ್ಟಾಗಿ ಚಿಕಿತ್ಸೆ ನಿರ್ಧರಿಸುವ ವ್ಯವಸ್ಥೆ ಆಗಬೇಕು.

ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಕ್ಯಾನ್ಸರ್ ಡೇ ಕೇರ್ ಕೇಂದ್ರ ತೆರೆಯುವುದಾಗಿ 2025-26ರ ಕೇಂದ್ರ ಬಜೆಟ್ ಘೋಷಿಸಿದೆ. ಯಾರಿಗೆ ಯಾವ ಚಿಕಿತ್ಸೆ ಮೊದಲು ಎಂಬುದು ತಿಳಿಯದೆ ಆ ಕೇಂದ್ರಗಳಲ್ಲಿ ಕಿಮೋ ಹಾಸಿಗೆ ಹಾಕಿದರೆ ಗುದನಾಳ ಕ್ಯಾನ್ಸರ್ ರೋಗಿಗಳಿಗೆ ಪೂರ್ತಿ ಪ್ರಯೋಜನವಾಗದು. ಆದಕಾರಣ ಈ ಬೇಡಿಕೆಗಳನ್ನು ಆ ಯೋಜನೆಯೊಂದಿಗೇ ಸೇರಿಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ನಮಗೆ ತಿಳಿಸಬೇಕೆಂದು ಕೋರುತ್ತೇವೆ.



ತಮ್ಮ ವಿಶ್ವಾಸಿಗಳು,
ನಾಲ್ಕು ತಾಲ್ಲೂಕುಗಳ ರೋಗಿಗಳು ಮತ್ತು ಕುಟುಂಬದವರು
ಸ್ಥಳ: ಚಿಕ್ಕಬಳ್ಳಾಪುರ

ಪ್ರತಿ: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಚಿಕ್ಕಬಳ್ಳಾಪುರ