ಹೊಗಳುಭಟ್ಟ ಸ್ಪೀಕರ್ ಬೇಡ, ಮಾರಾಯ್ರೇ!

ಯಲ್ಲಾಪುರದ ಮಿತ್ರರೊಬ್ಬರ ಪತ್ರ ಬಂದಿದೆ. "ಗೆಳೆಯರೆಲ್ಲ ಸೇರಿ ಕಿರುಚಿತ್ರ ಮಾಡ್ತಿದ್ದೇವೆ. ಹಾಡು, ಹಿನ್ನೆಲೆ ಸಂಗೀತ ಎಲ್ಲಾ ಮನೆಯಲ್ಲೇ. ಕೈಯಲ್ಲಿ 12,000 ರೂಪಾಯಿ ಇದೆ. ಭರ್ಜರಿ ಬಾಸ್ ಇರೋ ಸ್ಪೀಕರ್ ಯಾವುದು ಹೇಳಿ ಸಾರ್!"

ಭರ್ಜರಿ ಬಾಸ್! ಆ ಎರಡು ಶಬ್ದ ಓದಿ ನನ್ನ ಹಳೇ ಗಾಯವೊಂದು ಮತ್ತೆ ಉರಿಯಿತು. ಯಾಕೆ ಅಂತೀರಾ? ಕೇಳಿ.

ಸಿದ್ದಾಪುರದ ಹತ್ತಿರ ನನ್ನ ಸೋದರಮಾವನ ಮನೆ. ಮಾವ ಭಾಗವತರು. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಅವರ ತಾಳಮದ್ದಲೆ ಪದ್ಯಗಳನ್ನು ನಾನೇ ರೆಕಾರ್ಡ್ ಮಾಡಿದೆ. (ಹೆಂಚಿನ ಮನೆಯಲ್ಲಿ ಜೂನ್ ಬಂತೆಂದರೆ ಮಳೆ ಸದ್ದಿಗೆ ರೆಕಾರ್ಡಿಂಗ್ ಮುಗೀತು ಅನ್ನಿ!) ದನಿಗೊಂದು ಮೈಕು, ಮದ್ದಲೆಗೊಂದು. ಸಿರಸಿಗೆ ತಂದು, ನಮ್ಮ ಮನೆ ಅಟ್ಟದಲ್ಲಿ ಕೂತು ಹದಿನೈದು ರಾತ್ರಿ ಮಿಕ್ಸ್ ಮಾಡಿದೆ. ಯಾವುದರಲ್ಲಿ? ಟಿವಿಗೆಂದು ತಂದಿದ್ದ ಹೋಮ್ ಥಿಯೇಟರಿನಲ್ಲಿ! ಮದ್ದಲೆ ಗುಂ ಅಂದರೆ ಅಟ್ಟದ ಹಲಗೆ ನಡುಗುತ್ತಿತ್ತು. ಜಾಸ್ತಿಯಾಯ್ತು ಅಂತ ಬಾಸ್ ಇಳಿಸಿದೆ. ಮತ್ತೂ ಇಳಿಸಿದೆ.

ಐವತ್ತು ಪೆನ್‌ಡ್ರೈವ್ ನೆಂಟರಿಷ್ಟರಿಗೆ ಹಂಚಿಯೂ ಆಯಿತು. ಮಾವ ಜೀಪಿನಲ್ಲಿ ಕೂತು ಕೇಳಿದರು. "ಎಂತದೋ ಮಾಣಿ, ಮದ್ದಲೆ ಎಲ್ಲಿ ಹೋತು? ತಗಡು ಬಡದಾಂಗೆ ಕೇಳ್ತು!"

ಆಗಿದ್ದಿಷ್ಟೇ. ಹೋಮ್ ಥಿಯೇಟರ್ ಅನ್ನೋದು ಹೊಗಳುಭಟ್ಟ. ಇಲ್ಲದ ಬಾಸನ್ನೂ ತಾನೇ ಸೇರಿಸಿ ಹೇಳುತ್ತೆ. ಅದರ ಮಾತು ನಂಬಿ ನಾನು ಅಸಲು ಮದ್ದಲೆಗೇ ಕತ್ತರಿ ಹಾಕಿದ್ದೆ. ಮತ್ತೆ ಹಾಡಿಸೋಣವೆಂದರೆ ಮಾವನ ಕಂಠ ಈಗ ಆ ಶ್ರುತಿಗೆ ಏರೋದಿಲ್ಲ. ಪುಣ್ಯಕ್ಕೆ ದನಿ, ಮದ್ದಲೆ ಬೇರೆ ಬೇರೆ ಫೈಲಿನಲ್ಲಿ ಉಳಿದಿದ್ದವು!

ಸ್ಟುಡಿಯೋ ಮಾನಿಟರ್ ಬೇರೆ ಜಾತಿ. ಇದ್ದದ್ದು ಇದ್ದಹಾಗೆ ಹೇಳೋದು ಅದರ ಕಸುಬು. ಯಮಹಾ ಎನ್‌ಎಸ್-10 ಕಥೆ ಕೇಳಿದ್ದೀರಾ? 1978ರಲ್ಲಿ ಮನೆಮಂದಿ ಹಾಡು ಕೇಳಲೆಂದು ಬಂದ ಸ್ಪೀಕರ್. ಮನೆಗಳಲ್ಲಿ ಅಷ್ಟಾಗಿ ಓಡಲಿಲ್ಲ. ಕೇಳಲು ಅಷ್ಟು ಹಿತವಿರಲಿಲ್ಲ. ಆದರೆ ತಪ್ಪನ್ನು ಮುಚ್ಚಿಡುವುದಿಲ್ಲವಲ್ಲ, ಆ ಗುಣಕ್ಕೇ ಸ್ಟುಡಿಯೋದವರು ಅದನ್ನು ತಲೆಮೇಲೆ ಹೊತ್ತರು! 2001ರಲ್ಲಿ ತಯಾರಿಕೆ ನಿಂತಿತು. ಇಂದಿಗೂ ಹಳೇ ಸ್ಟುಡಿಯೋ ಫೋಟೋಗಳಲ್ಲಿ ಆ ಬಿಳೀ ಕೋನ್ ಕಾಣುತ್ತೆ.

ಈಗ ನಿಮ್ಮ 12,000ಕ್ಕೆ ಬರೋಣ. ಮೂರೂವರೆ ಇಂಚಿನ ಜೋಡಿ ತಗೊಳ್ಳಿ. ನಾನು ತಂದದ್ದು ಪ್ರಿಸೋನಸ್ ಎರಿಸ್ 3.5. ಬಾಸ್ 80 ಹರ್ಟ್ಸ್‌ವರೆಗೆ ಮಾತ್ರ ಅಂತ ಕಂಪನಿಯೇ ಹೇಳುತ್ತೆ, ಅದಕ್ಕಿಂತ ಕೆಳಗಿನದನ್ನು ಒಳ್ಳೇ ಹೆಡ್‌ಫೋನಿನಲ್ಲಿ ತಾಳೆ ನೋಡಬೇಕು. ಇನ್ನಷ್ಟು ಕಾಸು ಕೂಡಿದರೆ ಐದಿಂಚಿನವು: ಯಮಹಾ ಎಚ್‌ಎಸ್5 (ಇದು 54 ಹರ್ಟ್ಸ್‌ವರೆಗೆ ಇಳಿಯುತ್ತೆ), ಜೆಬಿಎಲ್ 305ಪಿ. ಹುಷಾರ್! ಇಂಥವಕ್ಕೆ ಎಷ್ಟೋ ಕಡೆ ಒಂದೊಂದರ ಬೆಲೆ ಹಾಕಿರ್ತಾರೆ. ಜೋಡಿಯದೆಂದು ಖುಷಿಪಟ್ಟು ದುಡ್ಡು ಕಟ್ಟಿ ಪೆಚ್ಚಾಗಬೇಡಿ. ಎಂಟಿಂಚಿನದಕ್ಕಂತೂ ಆಸೆ ಬೀಳಲೇಬೇಡಿ. ಹತ್ತಡಿ ಕೋಣೆಯಲ್ಲಿ ಅದರ ಬಾಸ್ ಗೋಡೆಗೋಡೆಗೆ ಬಡಿದು ಮತ್ತೆ ಸುಳ್ಳೇ ಕೇಳಿಸುತ್ತೆ.

ಇಡೋದರಲ್ಲೂ ಗುಟ್ಟಿದೆ. ಮೂಲೆಗೆ ಒತ್ತಿ ಇಡಬೇಡಿ. ಎರಡು ಸ್ಪೀಕರ್, ನಿಮ್ಮ ತಲೆ, ಮೂರೂ ಸಮ ದೂರ. ಟ್ವೀಟರ್ ಕಿವಿಯ ಎತ್ತರಕ್ಕೆ. ಅಕ್ಕಪಕ್ಕದ ಗೋಡೆಗೆ ದಪ್ಪ ಕಂಬಳಿ ಇಳಿಬಿಟ್ಟರೆ ಝಣಝಣ ಕಡಿಮೆಯಾಗುತ್ತೆ. ನಮ್ಮ ಆಯಿಯ ಎರಡು ಕಂಬಳಿ ಇನ್ನೂ ಅಟ್ಟದಿಂದ ಇಳಿದಿಲ್ಲ, ದಿನಾ ಬೈಗುಳ! ಗುಂಯ್ ಅಂತ ಕರೆಂಟಿನ ಸದ್ದು ಬಂದರೆ ಮೊದಲು ಅರ್ಥಿಂಗ್ ನೋಡಿಸಿ, ಟಿಆರ್‌ಎಸ್ ಕೇಬಲ್ ಹಾಕಿ.

ತಂದ ದಿನವೇ ಮಿಕ್ಸಿಗೆ ಕೂರಬೇಡಿ. ಒಂದು ವಾರ ಬಾಯಿಪಾಠವಾದ ಹಾಡುಗಳನ್ನೇ ಕೇಳಿ. ನಾನು ಕೇಳಿದ್ದು 1981ರ 'ಗೀತಾ', 1987ರ 'ಪ್ರೇಮಲೋಕ'. ಅಂದ ಹಾಗೆ, ಒಂದು ಕಾಲದಲ್ಲಿ ಕನ್ನಡ ಹಾಡಿನ ರೆಕಾರ್ಡಿಂಗ್ ಅಂದ್ರೆ ಮದ್ರಾಸಿಗೆ ಓಡಬೇಕಿತ್ತು. ಬೆಂಗಳೂರಿನಲ್ಲೇ ಸಂಕೇತ್ ಸ್ಟುಡಿಯೋ ಕಟ್ಟಿದ ಶಂಕರ್‌ನಾಗ್ ನಮ್ಮ ಉತ್ತರ ಕನ್ನಡದವರು. ಈಗ ನೋಡಿ, ಸ್ಟುಡಿಯೋ ಸಿರಸಿಯ ಅಟ್ಟಕ್ಕೇ ಬಂದು ಕೂತಿದೆ!

ಹೊಸ ಮಿಕ್ಸನ್ನು ಜೀಪಿನಲ್ಲೂ ಮೊಬೈಲಿನಲ್ಲೂ ಹಾಕಿ ನೋಡಿದೆ. ಮದ್ದಲೆ ಎರಡರಲ್ಲೂ ಇತ್ತು. ಆಮೇಲೇ ಮಾವನನ್ನು ಅಟ್ಟ ಹತ್ತಿಸಿದ್ದು. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಮದ್ದಲೆ ಬಂತು ಮಾಣಿ. ಆದ್ರೆ ಮೂರನೇ ಪದ್ಯದಲ್ಲಿ ನನ್ನ ತಾಳ ತಪ್ಪಿದ್ದು ನೋಡು. ಮೊದಲು ಗೊತ್ತೇ ಆಗಿತ್ತಿಲ್ಲೆ!"