‘ನಾವು ಫಾರ್ವರ್ಡ್ ಮಾಡಿದ್ದು ಮಾತ್ರ’ ಎಂಬುದು ಉತ್ತರವಲ್ಲ



2024ರ ಏಪ್ರಿಲ್ 25, ಗುರುವಾರ. ಮರುದಿನ ಕೇರಳದಲ್ಲಿ ಲೋಕಸಭೆಗೆ ಮತದಾನ. ಸಂಜೆ ನಮ್ಮ ಯುವಜನರ ವಾಟ್ಸಾಪ್ ಗ್ರೂಪಿಗೆ ತುಳುವಿನಲ್ಲಿ ಒಂದು ವಾಯ್ಸ್ ಮೆಸೇಜ್ ಬಂತು. ಗಾಯನ ಮಂಡಳಿಯ ಪ್ರಾಕ್ಟೀಸ್ ಎಷ್ಟು ಗಂಟೆಗೆ, ಶ್ರಮದಾನಕ್ಕೆ ಕತ್ತಿ ಯಾರು ತರುವುದು ಎಂದು ತಿಳಿಸಲು ಮಾಡಿದ ಗ್ರೂಪ್ ಅದು. ಮೆಸೇಜಿನಲ್ಲಿ ಒಬ್ಬರು ಗಾಬರಿಯ ಸ್ವರದಲ್ಲಿ ಹೇಳುತ್ತಿದ್ದರು: ಇಂಥ ಪಕ್ಷ ಗೆದ್ದರೆ ನಮ್ಮ ಚರ್ಚಿನ ಮೆರವಣಿಗೆ ಇನ್ನು ರಸ್ತೆಗೆ ಇಳಿಯುವ ಹಾಗಿಲ್ಲ, ಅವರ ಕಡೆಯವರೇ ಹೀಗೆ ಮಾತಾಡಿಕೊಂಡಿದ್ದಾರೆ, ಎಲ್ಲರಿಗೂ ತಿಳಿಸಿ. ಹೇಳಿದವರ ಹೆಸರಿಲ್ಲ, ಊರಿಲ್ಲ.

ಅರ್ಧ ಗಂಟೆಯೊಳಗೆ ನಾವು ಅದನ್ನು ವಾರ್ಡಿನ ಗ್ರೂಪುಗಳಿಗೆ, ಗಲ್ಫಿನಲ್ಲಿರುವ ಅಣ್ಣಂದಿರಿಗೆ, ಮನೆಯವರಿಗೆ ಕಳಿಸಿಯಾಗಿತ್ತು. ‘ನಾವು’ ಎಂದು ಬರೆಯುವಾಗ ಈ ಲೇಖನ ಬರೆಯುತ್ತಿರುವವರನ್ನೂ ಸೇರಿಸಿಯೇ ಬರೆಯುತ್ತಿದ್ದೇವೆ.

ಎರಡು ದಿನ ಕಳೆದು ಚರ್ಚಿನ ಎದುರಿನ ಅಂಗಡಿಯ ಕಾಕ ನಮ್ಮಲ್ಲಿ ಇಬ್ಬರನ್ನು ಕರೆದರು. ಅವರ ಮಗ ಅದೇ ಪಕ್ಷದ ಬೂತ್ ಕಾರ್ಯಕರ್ತ. ಪ್ರತಿವರ್ಷ ಹಬ್ಬದ ಮೆರವಣಿಗೆ ಬರುವಾಗ ಅಂಗಡಿಯ ಮುಂದೆ ಶರಬತ್ತಿನ ಮೇಜು ಇಡುವವರು ಅವರೇ. ಮೊಬೈಲಿನಲ್ಲಿ ಆ ಮೆಸೇಜ್ ಕೇಳಿಸಿ, ‘ಇದು ನಿಮ್ಮಿಂದ ಬಂದದ್ದಾ ಮಕ್ಕಳೇ?’ ಎಂದರು. ‘ನಾವು ಫಾರ್ವರ್ಡ್ ಮಾಡಿದ್ದು ಮಾತ್ರ’ ಎಂದೆವು. ಅವರು ಬೈಯಲಿಲ್ಲ. ‘ಒಂದು ಮಾತು ಕೇಳಬಹುದಿತ್ತಲ್ಲ. ಅಂಗಡಿ ಎದುರೇ ಉಂಟು’ ಎಂದರು.

ಅಂದಿನಿಂದ ನಮಗೆ ‘ಫಾರ್ವರ್ಡ್ ಮಾಡಿದ್ದು ಮಾತ್ರ’ ಎಂಬ ಮಾತು ಕೇಳಿದರೆ ನಾಚಿಕೆಯಾಗುತ್ತದೆ. ಚುನಾವಣೆಯ ಸುಳ್ಳು ಎಂದರೆ ನಾವು ಕೂಡಲೇ ರಾಜಕಾರಣಿಗಳ ಕಡೆ ಬೆರಳು ತೋರಿಸುತ್ತೇವೆ. ಸುಳ್ಳನ್ನು ಯಾರೋ ಎಲ್ಲಿಯೋ ತಯಾರಿಸುತ್ತಾರೆ, ನಿಜ. ಆದರೆ ಅದು ಮನೆಯೊಳಗೆ ಬರುವುದು ನಮ್ಮ ಹೆಸರು ಹೊತ್ತುಕೊಂಡು. ಗುರುತಿಲ್ಲದವನ ಮಾತನ್ನು ಅಮ್ಮ ನಂಬುವುದಿಲ್ಲ, ಮಗ ಕಳಿಸಿದ್ದನ್ನು ನಂಬುತ್ತಾರೆ.

ಅದೇ ದಿನ ಇದಕ್ಕಿಂತ ದೊಡ್ಡದೊಂದು ವಡಗರದಲ್ಲಿ ನಡೆಯಿತು. ಎಡರಂಗದ ಅಭ್ಯರ್ಥಿ ಕೆ.ಕೆ. ಶೈಲಜಾ ಅವರನ್ನು ‘ಕಾಫಿರ್’ ಎಂದು ಕರೆದು, ಎದುರಾಳಿ ಶಾಫಿ ಪರಂಬಿಲ್ ಅವರಿಗೆ ಮತ ಕೇಳುವ ಒಂದು ಸ್ಕ್ರೀನ್‌ಶಾಟ್ ಮತದಾನದ ಮುನ್ನಾದಿನ ಹರಡಿತು. ಮುಸ್ಲಿಂ ಲೀಗ್ ಕಡೆಯ ಒಬ್ಬ ಯುವಕನ ಹೆಸರು ಅದಕ್ಕೆ ಅಂಟಿಕೊಂಡಿತು. ತಿಂಗಳುಗಳ ನಂತರ ಪೊಲೀಸರು ಹೈಕೋರ್ಟಿಗೆ ತಿಳಿಸಿದ್ದೇನು? ಆ ಯುವಕ ಅದನ್ನು ಮಾಡಿದ್ದಕ್ಕೆ ಸಾಕ್ಷ್ಯವಿಲ್ಲ. ಅದು ಓಡಾಡಿದ್ದು ಎಡಪಕ್ಷದ ಪರವಾದ ಗ್ರೂಪು, ಪೇಜುಗಳಲ್ಲಿ. ಅಷ್ಟರಲ್ಲಿ ಮತದಾನ ಮುಗಿದು, ಫಲಿತಾಂಶವೂ ಬಂದು, ಎರಡು ಸಮುದಾಯಗಳ ನಡುವೆ ಸಂಶಯ ಮಾತ್ರ ಉಳಿದಿತ್ತು.

ಒಂದೇ ಪಕ್ಷದ ಮೇಲೆ ಹೇಳುತ್ತಿದ್ದೇವೆ ಎಂದು ಯಾರೂ ತಿಳಿಯುವುದು ಬೇಡ. ಅದೇ ಚುನಾವಣೆಯಲ್ಲಿ ಅಮಿತ್ ಶಾ ಅವರ ಭಾಷಣವನ್ನು ಕತ್ತರಿಸಿ ಜೋಡಿಸಿ, ಮೀಸಲಾತಿಯನ್ನೇ ತೆಗೆಯುತ್ತೇವೆ ಎಂದು ಅವರು ಹೇಳಿದ ಹಾಗೆ ಮಾಡಿದ ವಿಡಿಯೋ ದೇಶವೆಲ್ಲ ಸುತ್ತಿತು. ಕರ್ನಾಟಕ ಬಿಜೆಪಿ ತನ್ನ ಖಾತೆಯಲ್ಲಿ ಮೀಸಲಾತಿಯ ಬಗ್ಗೆ ಮುಸ್ಲಿಮರನ್ನು ಹೀಗಳೆಯುವ ಕಾರ್ಟೂನ್ ವಿಡಿಯೋ ಹಾಕಿತು. ಅದನ್ನು ತೆಗೆಯಲು ಚುನಾವಣಾ ಆಯೋಗ ಎಕ್ಸ್ ಕಂಪೆನಿಗೆ ಆದೇಶಿಸಿದ್ದು ಮೇ 7ರಂದು, ಅಂದರೆ ಉತ್ತರ ಕರ್ನಾಟಕ ಮತ ಹಾಕಿದ ದಿನವೇ.

‘ಆಯೋಗ ನೋಡಿಕೊಳ್ಳುತ್ತದೆ, ನಮಗೇಕೆ?’ ಎನ್ನುವವರಿಗೆ ಇದೇ ಉತ್ತರ. ಆಯೋಗ ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಅದೂ ಅಲ್ಲದೆ ತುಳು, ಕೊಂಕಣಿ, ಕನ್ನಡದ ಒಂದು ವಾಯ್ಸ್ ಮೆಸೇಜನ್ನು ತಿರುವನಂತಪುರದಲ್ಲಿ ಕುಳಿತು ಯಾರು ಪರೀಕ್ಷಿಸುತ್ತಾರೆ? ನಮ್ಮ ಭಾಷೆಯಲ್ಲಿ ಬರುವ ಸುಳ್ಳನ್ನು ನಾವೇ ತಡೆಯಬೇಕು.

‘ಒಂದು ಮೆಸೇಜಿನಿಂದ ಏನಾಗುತ್ತದೆ?’ ಎನ್ನುವವರು 2016ರ ಮಂಜೇಶ್ವರವನ್ನು ನೆನಪಿಸಿಕೊಳ್ಳಲಿ. ವಿಧಾನಸಭೆಗೆ ಗೆಲುವಿನ ಅಂತರ 89 ಮತ. 2021ರಲ್ಲಿ 745. ನಮ್ಮ ಒಂದು ಗ್ರೂಪಿನಲ್ಲಿಯೇ 89ಕ್ಕಿಂತ ಹೆಚ್ಚು ಮಂದಿ ಇದ್ದೇವೆ.

‘ಎಲ್ಲರೂ ಮಾಡುತ್ತಾರೆ’ ಎಂಬ ಮಾತೂ ಕೇಳಿಬರುತ್ತದೆ. ನಮ್ಮಲ್ಲಿ ಬಿಎಸ್ಸಿ ಓದಿದವರಿದ್ದಾರೆ. ಪಕ್ಕದವನ ರೀಡಿಂಗನ್ನು ನಮ್ಮ ಲ್ಯಾಬ್ ರೆಕಾರ್ಡಿಗೆ ಬರೆದು ಸಿಕ್ಕಿಬಿದ್ದಾಗ ‘ಎಲ್ಲರೂ ಬರೆದಿದ್ದಾರೆ ಮೇಡಂ’ ಎಂದರೆ ಯಾರಾದರೂ ಬಿಟ್ಟಿದ್ದಾರೆಯೇ? ನಾವೇ ನೋಡದ ರೀಡಿಂಗ್ ನಮ್ಮದಲ್ಲ. ನಾವೇ ವಿಚಾರಿಸದ ಆರೋಪವೂ ನಮ್ಮದಲ್ಲ.

ಎಲ್ಲಕ್ಕಿಂತ ಅಪಾಯದ ಮಾತು, ‘ನಮ್ಮ ಸಮುದಾಯದ ರಕ್ಷಣೆಗೆ ಕಳಿಸಿದೆ’ ಎಂಬುದು. ಅಲ್ಪಸಂಖ್ಯಾತರಾದ ನಮಗೆ ಭಯ ಇಲ್ಲವೆಂದಲ್ಲ. ಆದರೆ ನಮ್ಮ ಭಯವನ್ನೇ ಬಂಡವಾಳ ಮಾಡಿಕೊಂಡು ಮತ ಪಡೆಯುವವರು ನಮ್ಮ ರಕ್ಷಕರಲ್ಲ. ಆ ಮೆಸೇಜು ನಮ್ಮ ಮೆರವಣಿಗೆಯನ್ನು ಉಳಿಸಲಿಲ್ಲ, ಮೆರವಣಿಗೆಗೆ ಶರಬತ್ತು ಕೊಡುವವರ ಮನಸ್ಸನ್ನು ನೋಯಿಸಿತು. ನೆರೆಯವನ ವಿರುದ್ಧ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯನ್ನು ಕ್ಯಾಟೆಕಿಸಂ ತರಗತಿಯಲ್ಲಿ ಬಾಯಿಪಾಠ ಒಪ್ಪಿಸಿದವರು ನಾವು. ಚುನಾವಣೆಯ ಕಾಲದಲ್ಲಿ ಅದಕ್ಕೆ ರಜೆ ಎಂದು ಎಲ್ಲಿಯೂ ಹೇಳಿಲ್ಲ. ಪೋಪ್ ಫ್ರಾನ್ಸಿಸ್ 2018ರಲ್ಲಿ ಸುಳ್ಳುಸುದ್ದಿಯ ಬಗ್ಗೆಯೇ ಒಂದು ಸಂದೇಶ ಕೊಟ್ಟು, ಆದಿಕಾಂಡದ ಸರ್ಪದ ಕಥೆಯನ್ನು ಉದಾಹರಿಸಿದ್ದರು. ಸರ್ಪವೂ ಹಿತೈಷಿಯ ಹಾಗೆಯೇ ಮಾತಾಡಿತ್ತು.

ಇದರ ಅರ್ಥ ಟೀಕೆ ಮಾಡಬಾರದೆಂದಲ್ಲ. ಚುನಾವಣೆಯ ಮಾದರಿ ನೀತಿಸಂಹಿತೆ ಮೊದಲು ಹುಟ್ಟಿದ್ದೇ ನಮ್ಮ ಕೇರಳದಲ್ಲಿ, 1960ರ ವಿಧಾನಸಭಾ ಚುನಾವಣೆಯ ಸಮಯದಲ್ಲಿ. ಇಂದು ದೇಶಕ್ಕೆಲ್ಲ ಅನ್ವಯಿಸುವ ಆ ಸಂಹಿತೆ ಹೇಳುವುದಿಷ್ಟೇ: ಪಕ್ಷಗಳ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸವನ್ನು ಟೀಕಿಸಿ, ಖಾಸಗಿ ಬದುಕನ್ನು ಎಳೆಯಬೇಡಿ, ಖಚಿತವಾಗದ ಆರೋಪ ಮಾಡಬೇಡಿ. ಮಸೀದಿ, ಚರ್ಚು, ದೇವಸ್ಥಾನಗಳನ್ನು ಪ್ರಚಾರದ ವೇದಿಕೆ ಮಾಡಬೇಡಿ ಎಂದೂ ಇದೆ. ಬಲಿಪೂಜೆ ಮುಗಿದ ಮೇಲೆ ಅಂಗಳದಲ್ಲಿ ಚೀಟಿ ಹಂಚುವವರಿಗೂ, ‘ನಮ್ಮವನಿಗೇ ಓಟು’ ಎಂದು ಕಿವಿಯಲ್ಲಿ ಹೇಳುವ ಹಿರಿಯರಿಗೂ ಇದು ಅನ್ವಯಿಸುತ್ತದೆ ಎಂದು ಗೌರವದಿಂದಲೇ ಹೇಳುತ್ತೇವೆ.

ಕೇಳಲು ಪ್ರಶ್ನೆಗಳೇನು ಕಡಿಮೆಯೇ? ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸ ಆದದ್ದು 2013ರಲ್ಲಿ. ಇಷ್ಟು ವರ್ಷವಾದರೂ ಕಾಯಿಲೆ ಬಿದ್ದರೆ ನಾವು ತಲಪಾಡಿ ದಾಟಿ ಮಂಗಳೂರಿಗೆ ಓಡುವುದೇಕೆ? ಎಂಡೋಸಲ್ಫಾನ್ ಸಂತ್ರಸ್ತರಿಗೆ ಮೂರು ತಿಂಗಳಲ್ಲಿ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ ಮೇಲೂ ಅವರು ಮತ್ತೆ ಮತ್ತೆ ಧರಣಿ ಕೂರಬೇಕಾದದ್ದೇಕೆ? ಕನ್ನಡ ಶಾಲೆಗೆ ಕನ್ನಡ ಬಾರದ ಶಿಕ್ಷಕರು ಬರುವುದೇಕೆ? ಈ ಪ್ರಶ್ನೆಗಳು ಯಾವ ಪಕ್ಷಕ್ಕೂ ಬೇಡ. ನಾವು ವಾಯ್ಸ್ ಮೆಸೇಜ್ ಕೇಳುತ್ತಾ ಕೂತರೆ ಅವರಿಗೆ ಸುಖ.

ಆದ್ದರಿಂದ ನಮ್ಮ ಘಟಕದ ಸಭೆಯಲ್ಲಿ ಕೆಲವು ನಿಯಮ ಮಾಡಿಕೊಂಡಿದ್ದೇವೆ. ಚುನಾವಣೆಯ ಕರಪತ್ರದಲ್ಲಿ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕೆಂದು 1951ರ ಪ್ರಜಾಪ್ರತಿನಿಧಿತ್ವ ಕಾಯ್ದೆಯ 127ಎ ವಿಧಿ ಹೇಳುತ್ತದೆ. ತಪ್ಪಿದರೆ 6 ತಿಂಗಳವರೆಗೆ ಜೈಲೂ ಆಗಬಹುದು. ಕಾಗದಕ್ಕೆ ಇರುವ ಈ ನಿಯಮವನ್ನು ನಾವು ನಮ್ಮ ಮೊಬೈಲಿಗೂ ಹಾಕಿಕೊಂಡಿದ್ದೇವೆ: ಹೇಳಿದವರ ಹೆಸರಿಲ್ಲದ ಚುನಾವಣಾ ಮೆಸೇಜ್ ನಮ್ಮ ಗ್ರೂಪಿನಿಂದ ಮುಂದೆ ಹೋಗುವುದಿಲ್ಲ. ಮತದಾನ ಮುಗಿಯುವ ಮುಂಚಿನ 48 ಗಂಟೆ ಬಹಿರಂಗ ಪ್ರಚಾರಕ್ಕೆ ಕಾನೂನು ತಡೆ ಹಾಕುತ್ತದೆ. ಆ ಹೊತ್ತಿನಲ್ಲಿ ಗ್ರೂಪಿನಲ್ಲಿ ರಾಜಕೀಯವೇ ಬೇಡ. ಉಲ್ಲಂಘನೆ ಕಂಡರೆ ಆಯೋಗದ ಸಿವಿಜಿಲ್ ಆ್ಯಪಿನಲ್ಲಿ ದೂರು ಕೊಡುತ್ತೇವೆ. ತಪ್ಪು ಕಳಿಸಿದವರು ಮೆಸೇಜ್ ಡಿಲೀಟ್ ಮಾಡಿ ಸುಮ್ಮನಾಗುವ ಹಾಗಿಲ್ಲ. ಎಲ್ಲೆಲ್ಲಿ ಕಳಿಸಿದರೋ ಅಲ್ಲೆಲ್ಲ ‘ಅದು ಸುಳ್ಳು, ಕಳಿಸಿದ್ದು ನಾನು’ ಎಂದು ಬರೆಯಬೇಕು.

ಕೊನೆಯ ನಿಯಮವೇ ಕಷ್ಟದ್ದು. ನಾವು ಅದನ್ನು ಮಾಡಿದೆವು, ಸ್ವಲ್ಪ ತಡವಾಗಿ. ನಂತರ ಕಾಕನ ಅಂಗಡಿಗೆ ಹೋಗಿ ತಪ್ಪಾಯಿತು ಎಂದೆವು. ಆ ವರ್ಷವೂ ಹಬ್ಬದ ದಿನ ಶರಬತ್ತಿನ ಮೇಜು ಇತ್ತು. ನಾವು ತಲೆ ತಗ್ಗಿಸಿಯೇ ಲೋಟ ತೆಗೆದುಕೊಂಡೆವು. ಮುಂದಿನ ಚುನಾವಣೆಯಲ್ಲಿ ಮೊಬೈಲಿಗೆ ಏನೇ ಬರಲಿ, ಮೊದಲು ರಸ್ತೆ ದಾಟಿ ಕೇಳೋಣ. ಅಂಗಡಿ ಎದುರೇ ಉಂಟು.