ಹೊಲ ಕಾಯಲು ರೈಫಲ್ ಬೇಕೇ?

ಕಡಲೆಕಾಯಿ ಬಲಿಯುವ, ರಾಗಿ ತೆನೆ ಹಾಲುಗಟ್ಟುವ ದಿನಗಳಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಬೆಟ್ಟದಂಚಿನ ಊರುಗಳಲ್ಲಿ ರೈತನ ನಿದ್ದೆ ಕಾಡುಹಂದಿಗಳ ಪಾಲಾಗುತ್ತದೆ. ಹಿಂಡೊಂದು ಒಂದು ರಾತ್ರಿ ಹೊಕ್ಕ ಕಡಲೆಕಾಯಿ ಹೊಲವು ಬೆಳಗಾಗುವಷ್ಟರಲ್ಲಿ ಉತ್ತ ನೆಲದಂತಾಗಿರುವುದನ್ನು ಕಂಡವರಿಗೆ ವನ್ಯಜೀವಿ ಪ್ರೇಮದ ಉಪದೇಶ ರುಚಿಸದು, ರುಚಿಸಬೇಕಾಗಿಯೂ ಇಲ್ಲ. ಬೆಳೆಹಾನಿಯ ಮಾತು ಬಂದಲ್ಲೆಲ್ಲ ಬಂದೂಕಿನ ಮಾತೂ ಬರುವುದು ಸಹಜವೇ. ಆದರೆ ಆ ಮಾತಿನ ಧಾಟಿ ಈಚೆಗೆ ಬದಲಾಗಿದೆ. ಅಜ್ಜನ ಕಾಲದ, ಮದ್ದು ಜಡಿಯುವ ತುಪಾಕಿ ಸಾಲದು. ಮಿಲಿಟರಿಯವರ ಕೈಯಲ್ಲಿರುವಂಥ, ದೂರದಿಂದಲೇ ಹೊಡೆಯಬಲ್ಲ, ಒಂದರ ಹಿಂದೊಂದು ಗುಂಡು ಹಾರಿಸಬಲ್ಲ ರೈಫಲ್ ಬೇಕೆಂಬ ಬೇಡಿಕೆ ಕೇಳಿಬರುತ್ತಿದೆ. ಅಮೆರಿಕದಲ್ಲಿ ಅಂತಹ ರೈಫಲ್‌ಗಳಿಂದ ಹಂದಿಗಳನ್ನು ಸಾಲುಸಾಲಾಗಿ ಉರುಳಿಸುವ ದೃಶ್ಯಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುವುದೂ ಇದಕ್ಕೊಂದು ಕಾರಣವಿರಬೇಕು. ಈ ಬೇಡಿಕೆಯನ್ನು ನಕ್ಕು ತಳ್ಳಿಹಾಕದೆ ಪರಿಶೀಲಿಸುವುದು ಒಳ್ಳೆಯದು.

ಮೊದಲಿಗೆ ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮನ್ನು ಓದಿದರೆ, ಅದನ್ನು ಬರೆದವರಿಗೆ ಹೊಲದ ಪರಿಚಯವಿತ್ತೆಂದು ತೋರುತ್ತದೆ. ಬೆಳೆ ರಕ್ಷಣೆಗೆಂದು ಅಲ್ಲಿ ಹೇಳಿರುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ, 20 ಅಂಗುಲಕ್ಕೆ ಕಡಿಮೆಯಿಲ್ಲದ ನಯವಾದ ನಳಿಗೆಯ ಬೇರೊಂದು ಬಂದೂಕು. ಗುರಿ ಅಭ್ಯಾಸಕ್ಕೆ ಬೇರೆಯೇ ಮಾತು: ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರಿಗೆ ಪಾಯಿಂಟ್ 22 ರೈಫಲ್ ಅಥವಾ ಏರ್ ರೈಫಲ್. ಸೇನೆಯ ತೋಟಾ ಹಾಕಿ ಹಾರಿಸಬಹುದಾದ ಪಾಯಿಂಟ್ 303 ಮತ್ತು 7.62 ಅಳತೆಯ ರೈಫಲ್‌ಗಳನ್ನೂ, ಬಹುಪಾಲು ಅರೆಸ್ವಯಂಚಾಲಿತ ಬಂದೂಕುಗಳನ್ನೂ 2016ರ ಶಸ್ತ್ರಾಸ್ತ್ರ ನಿಯಮಗಳು ನಿರ್ಬಂಧಿತ ವರ್ಗದಲ್ಲಿಯೇ ಇಟ್ಟಿವೆ. ಇಲ್ಲೊಂದು ಸ್ವಾರಸ್ಯವಿದೆ. ಬಂಗಾಳದ ಈಶಾಪುರದ ಸರ್ಕಾರಿ ಕಾರ್ಖಾನೆಯ ಪಾಯಿಂಟ್ 315 ರೈಫಲಿನ ಯಂತ್ರಭಾಗವು ಹಳೆಯ ಸೇನಾ ರೈಫಲಾದ ಲೀ-ಎನ್‌ಫೀಲ್ಡಿನದೇ. ಸೇನೆಯ ತೋಟಾ ಅದರಲ್ಲಿ ಕೂರದಂತೆ ಅಳತೆಯನ್ನಷ್ಟೇ ಬದಲಿಸಿ ನಾಗರಿಕರಿಗೆ ಒದಗಿಸಲಾಯಿತು. ಅದರ ತೋಟಾ ಕೂಡ ಮೂಲತಃ ಆಸ್ಟ್ರಿಯಾದ ಸೈನ್ಯದ್ದು! ಆದ್ದರಿಂದ ‘ಮಿಲಿಟರಿ ಮಾದರಿ’ ನಮ್ಮಲ್ಲಿಲ್ಲವೆಂದೇನೂ ಅಲ್ಲ. ನಮ್ಮ ಪ್ರಶ್ನೆ ಇರುವುದು ರೈಫಲಿನ ರೂಪದ ಬಗ್ಗೆಯಲ್ಲ, ಅದರ ಗುಂಡು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದರ ಬಗ್ಗೆ.

ನಯವಾದ ನಳಿಗೆಯಿಂದ ಹೊರಟ ಚರೆಗಳು ಕೆಲವು ನೂರು ಮೀಟರಿನೊಳಗೆ ಬಲಗುಂದಿ ನೆಲಕ್ಕೆ ಬೀಳುತ್ತವೆ. ಹಳೆಯ ತುಪಾಕಿಯ ದೌರ್ಬಲ್ಯವೆಂದು ನಾವು ಹಳಿಯುವುದು ಇದನ್ನೇ. ರೈಫಲಿನ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೆರೆಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಕಳಿಸುತ್ತವೆ. ಪಾಯಿಂಟ್ 303ರ ಗುಂಡು ಸೆಕೆಂಡಿಗೆ 700 ಮೀಟರಿಗೂ ಮಿಕ್ಕಿದ ವೇಗದಲ್ಲಿ ಹೊರಟು, ತಡೆಯುವುದೇನೂ ಎದುರಾಗದಿದ್ದರೆ ಮೂರು ಕಿ.ಮೀ. ದಾಟಿಯೂ ಪ್ರಾಣ ತೆಗೆಯಬಲ್ಲದು. ಈಗ ನಮ್ಮ ನೆಲವನ್ನು ನೋಡಿ. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯಲ್ಲಿ ಚದರ ಕಿ.ಮೀ.ಗೆ 380ಕ್ಕೂ ಹೆಚ್ಚು ಜನರಿದ್ದರು. ಯಾವ ದಿಕ್ಕಿಗೆ ಮೂರು ಕಿ.ಮೀ. ಅಳೆದರೂ ಒಂದು ಊರು, ಒಂದು ತೋಟದ ಮನೆ, ಒಂದು ಕುರಿಹಟ್ಟಿ ಸಿಗದೆ ಇರದು. ನೆಲವೋ ಬಂಡೆಯ ನೆಲ. ಶತಶೃಂಗದ ಸಾಲಿನಿಂದ ಆವನಿ, ಕುರುಡುಮಲೆಯವರೆಗೆ ಕಣ್ಣಿಗೆ ಬೀಳುವುದೆಲ್ಲ ಕಲ್ಲೇ. ಕಲ್ಲಿಗೆ ತಾಗಿದ ಗುಂಡು ಪುಟಿದು ಯಾವ ಕಡೆ ತಿರುಗೀತೆಂದು ಯಾವ ಗುರಿಕಾರನೂ ಹೇಳಲಾರ. ಗುಂಡು ಹಾರಿಸುವ ಮೈದಾನಗಳಲ್ಲಿ ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಕಟ್ಟುವುದು ಈ ಕಾರಣಕ್ಕೆ. ಕಡಲೆಕಾಯಿ ಹೊಲದ ಹಿಂದೆ ದಿಬ್ಬ ಕಟ್ಟುವವರಾರು?

ಇನ್ನೊಂದು ಸಂಗತಿಯನ್ನು ರೈತರಿಗೆ ವಿವರಿಸಬೇಕಾಗಿಲ್ಲ. ಹಂದಿ ಬರುವುದು ರಾತ್ರಿ. ತ್ರೀ ಫೇಸ್ ಕರೆಂಟು ಬರುವುದೂ ಎಷ್ಟೋ ಕಡೆ ಪಾಳಿಯ ಮೇಲೆ ರಾತ್ರಿಯೇ. ಟೊಮೆಟೊಗೆ ನೀರು ಹಾಯಿಸಲು ಟಾರ್ಚ್ ಹಿಡಿದು ಮೋಟಾರಿನತ್ತ ನಡೆಯುವವನು, ಮಾವಿನ ತೋಪಿನ ಕಾವಲುಗಾರ, ನಸುಕಿನಲ್ಲಿ ಹೂ ಬಿಡಿಸಲು ಹೊರಟ ಹೆಂಗಸರು, ಇವರೆಲ್ಲ ಕತ್ತಲಲ್ಲಿ ಅದೇ ಹೊಲಗಳ ನಡುವೆ ಇರುತ್ತಾರೆ. ಪೊದೆಯ ಮರೆಯಲ್ಲಿ ಅಲುಗಿದ್ದು ಹಂದಿಯೋ ಪಕ್ಕದ ಹೊಲದವನೋ ಎಂದು ತಿಳಿಯುವ ಮೊದಲೇ ನಾಲ್ಕು ಗುಂಡು ಹೊರಟುಹೋಗುವ ಆಯುಧ ಅಂತಹ ಜಾಗಕ್ಕೆ ತಕ್ಕುದಲ್ಲ.

ಸೇನಾ ಮಾದರಿಯ ಬಂದೂಕು ಬೇಟೆಗಿಳಿದರೆ ಏನಾಗುತ್ತದೆಂಬುದಕ್ಕೆ ಈ ದೇಶದಲ್ಲಿಯೇ ಪೂರ್ವನಿದರ್ಶನವಿದೆ. ಎರಡನೇ ಮಹಾಯುದ್ಧದ ತರುವಾಯ ಜೀಪು, ಪ್ರಖರ ದೀಪ, ರೈಫಲ್ ಈ ಮೂರೂ ಒಟ್ಟಿಗೆ ಬಯಲಿಗಿಳಿದವು. ಬಲೆ, ಉರುಲು, ಈಟಿಗಳ ಬೇಟೆಯನ್ನು ಶತಮಾನಗಳ ಕಾಲ ತಾಳಿಕೊಂಡಿದ್ದ ಕೃಷ್ಣಮೃಗಗಳ ಹಿಂಡುಗಳು ಕೆಲವೇ ದಶಕಗಳಲ್ಲಿ ಕರಗಿದವು. 1947ರಲ್ಲಿ ಮಧ್ಯಭಾರತದ ಕೊರಿಯಾ ಸಂಸ್ಥಾನದ ದೊರೆ ರಾತ್ರಿ ವಾಹನದಲ್ಲಿ ಹೋಗುತ್ತಾ ಹೊಡೆದ ಮೂರು ಚೀತಾಗಳೇ ನಮ್ಮ ದೇಶದ ಕೊನೆಯ ಚೀತಾಗಳೆಂದು ದಾಖಲಾಗಿವೆ. ನಮ್ಮ ನೆರೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಉಳಿದ ಕೃಷ್ಣಮೃಗಗಳಿಗಾಗಿ 2007ರಲ್ಲಿ ಜಯಮಂಗಲಿ ಸಂರಕ್ಷಣಾ ಮೀಸಲನ್ನು ಘೋಷಿಸಬೇಕಾಯಿತು. ಹಂದಿಗೆಂದು ಕೊಟ್ಟ ರೈಫಲ್ ಹಂದಿಯನ್ನಷ್ಟೇ ಹುಡುಕುತ್ತದೆಂದು ನಂಬಲು ನಮಗೆ ಆಧಾರವಿಲ್ಲ. ಮೊಲ, ಜಿಂಕೆ, ನವಿಲುಗಳಿಗೆ ಅದು ಬೇರೆ ತೋಟಾ ಕೇಳುವುದಿಲ್ಲ. ಹೊಸೂರಿನ ಕಡೆಯಿಂದ ಮಾಲೂರಿಗೆ ಇಳಿಯುವ ಆನೆಗಳ ವಿಷಯದಲ್ಲಂತೂ ಗಾಯಗೊಂಡ ಒಂದು ಆನೆ ಹತ್ತು ಊರಿಗೆ ಅಪಾಯ.

ಇಷ್ಟಾಗಿ ಹಂದಿಯಾದರೂ ಕಡಿಮೆಯಾಗುತ್ತದೆಯೇ? ಟೆಕ್ಸಾಸ್ ರಾಜ್ಯದಲ್ಲಿ 2011ರಿಂದ ಹೆಲಿಕಾಪ್ಟರಿನಲ್ಲಿ ಕುಳಿತು ಹಂದಿ ಹೊಡೆಯಲು ಕಾನೂನೇ ಅವಕಾಶ ಕೊಟ್ಟಿದೆ. ಅಲ್ಲಿ ಅರೆಸ್ವಯಂಚಾಲಿತ ರೈಫಲ್‌ಗಳಿಗೆ ಬರವೂ ಇಲ್ಲ. ಆದರೂ ಹಂದಿಗಳು ಲಕ್ಷಗಟ್ಟಲೆ ಉಳಿದಿವೆ. ಮಿಸೌರಿ ರಾಜ್ಯದ ಸಂರಕ್ಷಣಾ ಇಲಾಖೆ ಇದಕ್ಕೆ ತದ್ವಿರುದ್ಧವಾಗಿ, ತನ್ನ ಭೂಮಿಯಲ್ಲಿ ಹಂದಿ ಬೇಟೆಯನ್ನೇ 2016ರಲ್ಲಿ ನಿಲ್ಲಿಸಿತು. ಒಂದೆರಡನ್ನು ಹೊಡೆದರೆ ಉಳಿದವು ಚದುರಿ ಹೊಸ ಜಾಗ ಹಿಡಿಯುತ್ತವೆ, ಇಡೀ ಹಿಂಡನ್ನು ಒಟ್ಟಿಗೆ ದೊಡ್ಡ ಬೋನಿಗೆ ಕೆಡಹುವ ಕೆಲಸ ಕೆಡುತ್ತದೆ ಎಂಬುದು ಅದರ ವಾದ. ಅಲ್ಲಿನ ಹಂದಿ ಹೊರಗಿನಿಂದ ಬಂದದ್ದು, ನಮ್ಮದು ಈ ನೆಲದ್ದೇ, ಹೋಲಿಕೆಗೆ ಮಿತಿಯಿದೆ. ಆದರೆ ನಾಲ್ಕು ತಿಂಗಳಿಗೂ ಕಡಿಮೆ ಅವಧಿಯಲ್ಲಿ ಗರ್ಭ ಮುಗಿಸಿ ನಾಲ್ಕಾರು ಮರಿ ಹಾಕುವ ಪ್ರಾಣಿಯ ಲೆಕ್ಕ ಎರಡೂ ಕಡೆ ಒಂದೇ.

ಕೇರಳ 2022ರಲ್ಲಿ ಆರಿಸಿಕೊಂಡ ದಾರಿ ಇದಕ್ಕಿಂತ ಸಂಯಮದ್ದು. ಅಪಾಯಕಾರಿ ಹಂದಿಯನ್ನು ಹೊಡೆಯುವ ಆದೇಶದ ಅಧಿಕಾರವನ್ನು ಅಲ್ಲಿ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಡಲಾಯಿತು. ಹೊಡೆಯುವವರು ಪಟ್ಟಿಯಲ್ಲಿರುವ ಪರವಾನಗಿದಾರರು. ವಿಷ, ಸಿಡಿಮದ್ದು, ವಿದ್ಯುತ್ ತಂತಿ ನಿಷಿದ್ಧ. ನಮ್ಮಲ್ಲಿಯೂ 1972ರ ವನ್ಯಜೀವಿ ಕಾಯ್ದೆಯ 11ನೇ ಕಲಮು ಬೆಳೆಗೆ ಅಪಾಯವಾದ ಹಂದಿಯ ಬಗ್ಗೆ ಲಿಖಿತ ಆದೇಶಕ್ಕೆ ಅವಕಾಶ ಕೊಡುತ್ತದೆ. ಆ ಆದೇಶವಿಲ್ಲದೆ ಬಂದೂಕಿನ ಪರವಾನಗಿ ಬೇಟೆಯ ಪರವಾನಗಿಯಾಗದೆಂಬುದನ್ನು ಅರ್ಜಿದಾರರಿಗೆ ಯಾರೂ ಬಿಡಿಸಿ ಹೇಳಿದಂತಿಲ್ಲ.

ಗುರಿಗಾರಿಕೆಯ ಹೆಸರಿನಲ್ಲಿ ರೈಫಲ್ ಕೇಳುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 4.5 ಮಿ.ಮೀ. ಏರ್ ರೈಫಲಿನಲ್ಲಿ. ದೊಡ್ಡ ಅಳತೆಯ ರೈಫಲಿನ 300 ಮೀಟರ್ ಸ್ಪರ್ಧೆ 1972ರ ನಂತರ ಒಲಿಂಪಿಕ್ಸಿನಲ್ಲಿಯೇ ಇಲ್ಲ. ಕಾಲೇಜಿನ ಎನ್‌ಸಿಸಿಯಲ್ಲಿ ಪಾಯಿಂಟ್ 22 ಹಿಡಿದವರಿಗೆ ಗುರಿಯ ಸುಖವೇನೆಂದು ಗೊತ್ತು.

ಹಾಗಾದರೆ ಕೇಳಬೇಕಾದುದೇನು? ಕೃಷಿ ವಿಜ್ಞಾನದ ಕಣ್ಣಿನಿಂದ ನೋಡಿದರೆ ಹಂದಿಯ ಬಲವಿರುವುದು ಅದರ ಅಡಗುತಾಣದಲ್ಲಿ. ನಮ್ಮ ಒಣಗಿದ ಕೆರೆಯಂಗಳಗಳನ್ನು ತುಂಬಿರುವ ಬಳ್ಳಾರಿ ಜಾಲಿ, ಬೆಟ್ಟದ ಬುಡದ ಲಂಟಾನ ಅದಕ್ಕೆ ಹಗಲಿನ ಮನೆ. ಅಲ್ಲಿಂದ ಹೊಲಕ್ಕೆ ಒಂದು ಜಿಗಿತ. 2018ರಿಂದ ಕೆ.ಸಿ. ವ್ಯಾಲಿಯ ನೀರು ಕಂಡ ಕೆರೆಗಳಲ್ಲಿ ಜಾಲಿ ಹಿಂದೆ ಸರಿದಿದೆ, ಉಳಿದವುಗಳಲ್ಲಿ ಇಲ್ಲ. ಜಾಲಿ ತೆರವು ಉದ್ಯೋಗ ಖಾತರಿಯ ಕೂಲಿಯಲ್ಲಿ ಆಗಬಹುದಾದ ಕೆಲಸ. ಒಬ್ಬೊಬ್ಬರ ಹೊಲಕ್ಕೆ ಬೇಲಿ ಹಾಕಿದರೆ ಹಂದಿ ಪಕ್ಕದವರ ಹೊಲಕ್ಕೆ ಹೋಗುತ್ತದೆ. ಬೆಟ್ಟದ ಕಡೆಗೆ ಇಡೀ ಊರಿಗೆ ಒಂದೇ ಸೌರಬೇಲಿ ಎಳೆದು ಸರದಿಯಲ್ಲಿ ನೋಡಿಕೊಂಡರೆ ನಿಲ್ಲುತ್ತದೆ. ಮುಖ್ಯ ಲೈನಿನಿಂದ ನೇರವಾಗಿ ತಂತಿಗೆ ಕರೆಂಟು ಕೊಡುವ ಕಳ್ಳಬೇಲಿಗಳು ಹಂದಿಯ ಜೊತೆಗೆ ಮನುಷ್ಯರನ್ನೂ ಕೊಲ್ಲುತ್ತವೆ. ಅವನ್ನು ಕಂಡೂ ಕಾಣದಂತೆ ಇರುವುದು ಇನ್ನು ಸಾಕು. ತ್ರೀ ಫೇಸ್ ಕರೆಂಟು ಹಗಲಿಗೆ ಬಂದರೆ ಕತ್ತಲಲ್ಲಿ ಹೊಲಕ್ಕೆ ಹೋಗುವ ಅರ್ಧ ಕಾರಣವೇ ಇಲ್ಲವಾಗುತ್ತದೆ.

ನಾಲ್ಕೂ ತಾಲ್ಲೂಕುಗಳ ಓದುಗರು ತಮ್ಮ ಊರಿಗೆ ರಾತ್ರಿ ಯಾವ ಗಂಟೆಯಿಂದ ಯಾವ ಗಂಟೆಯವರೆಗೆ ತ್ರೀ ಫೇಸ್ ಬರುತ್ತದೆ, ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಷ್ಟು ಹಾಳಾಯಿತು, ಹಂದಿ ಯಾವ ಪೊದೆಯಿಂದ ಹೊರಟಿತು ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಬೇಕೆಂದು ಕೋರುತ್ತೇವೆ. ಅವನ್ನು ಒಟ್ಟುಗೂಡಿಸಿ ಬೆಸ್ಕಾಂಗೂ ಅರಣ್ಯ ಇಲಾಖೆಗೂ ಜಿಲ್ಲಾಧಿಕಾರಿಗಳಿಗೂ ಸಲ್ಲಿಸಲಾಗುವುದು.